ನಾರಿಗೆ ರಬ್ಬರ್ ಹಾಲು ಹಿಡಿಸುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಗದ ಮಾಡುವ ಕ್ರಮದಲ್ಲಿಯೇ ನಾರನ್ನು ನೀರಿನಲ್ಲಿ ಹರಡಿ, ಅದಕ್ಕೆ ರಬ್ಬರ್ ಹಾಲನ್ನು ಹಿಡಿಸಿ, ಜಾಲರಿಯ ಮೇಲೆ ಹಾಳೆಯಾಗಿ ಇಳಿಸುವ ಕೆಲಸದ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಇಂಥ ಹಾಳೆ ತಯಾರಿಸುವ ಘಟಕವೊಂದರಲ್ಲಿ ಹಲವು ವರ್ಷ ಬೀಟರ್ ತೊಟ್ಟಿಯ, ಅಂದರೆ ನಾರನ್ನು ನೀರಿನಲ್ಲಿ ಅಲಗುಗಳಿಂದ ಕುಟ್ಟಿ ಹದಮಾಡುವ ತೊಟ್ಟಿಯ, ಪಕ್ಕದಲ್ಲಿ ನಿಂತು ದುಡಿದವನಾದ್ದರಿಂದ, ಪುಸ್ತಕದ ಮಾತಿನ ಜೊತೆಗೆ ಕೈಗೆ ಹತ್ತಿದ ಅನುಭವವನ್ನೂ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ವಾಹನಗಳ ಬಿಡಿಭಾಗಗಳ ಅಂಗಡಿ. ಮೆಕ್ಯಾನಿಕ್‌ಗಳು ಬಂದು ‘ಪ್ಯಾಕಿಂಗ್ ಶೀಟ್’ ಕೇಳುತ್ತಾರೆ. ಎಂಜಿನ್ನಿನ ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳುತ್ತಾರೆ. ನೋಡಲು ರಟ್ಟಿನಂತಿದ್ದರೂ ಅದು ಎಣ್ಣೆಯಲ್ಲಿ, ನೀರಿನಲ್ಲಿ ಕರಗುವುದಿಲ್ಲ. ಅದು ಕಾಗದವೋ, ಬಟ್ಟೆಯೋ, ರಬ್ಬರೋ?

ಉತ್ತರ: ಪ್ಯಾಕಿಂಗ್ ಶೀಟ್ ಎಂಬ ಒಂದೇ ಹೆಸರಿನಲ್ಲಿ ನೀವು ಮಾರುವ ಸರಕು ಎರಡು ಬೇರೆ ವಿಧಾನಗಳಲ್ಲಿ ತಯಾರಾಗಿರುತ್ತದೆ. ದ್ರಾವಕದಲ್ಲಿ ಕರಗಿಸಿದ ರಬ್ಬರನ್ನು ನಾರಿನೊಂದಿಗೆ ಹಿಟ್ಟಿನಂತೆ ನಾದಿ, ಬಿಸಿ ಉರುಳೆಗಳ ನಡುವೆ ಪದರದ ಮೇಲೆ ಪದರ ಕೂಡಿಸಿ ಒತ್ತಿದ್ದು ಮೊದಲನೆಯದು. ಅದು ಗಟ್ಟಿಯಾಗಿ, ನುಣುಪಾಗಿ, ಭಾರವಾಗಿ ಇರುತ್ತದೆ. ನೀವು ರಟ್ಟಿನಂತಿದೆ ಎಂದು ಬಣ್ಣಿಸಿರುವುದು ಎರಡನೆಯದು. ಅದನ್ನು ಕಾಗದದ ಯಂತ್ರದಲ್ಲಿಯೇ ಮಾಡುತ್ತಾರೆ. ಅದು ಸ್ವಲ್ಪ ಮೆತ್ತಗಿದ್ದು, ಬೋಲ್ಟು ಬಿಗಿದಾಗ ಅಂಚಿನ ಏರಿಳಿತಕ್ಕೆ ತಕ್ಕಂತೆ ಒತ್ತಿಕೊಳ್ಳುತ್ತದೆಯಾದ್ದರಿಂದ, ಕಾರ್ಬ್ಯುರೇಟರ್, ಗೇರ್ ಪೆಟ್ಟಿಗೆಯ ಮುಚ್ಚಳ, ಎಣ್ಣೆಯ ತೊಟ್ಟಿ ಮುಂತಾದ ಹಗುರ ಬಿಗಿತದ ಕಡೆಗಳಿಗೆ ಒಪ್ಪುತ್ತದೆ.

ಕಾಗದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬಂಧದಲ್ಲಿದೆ. ಸಾಧಾರಣ ಕಾಗದದಲ್ಲಿ ನಾರುಗಳನ್ನು ಹಿಡಿದಿಡುವ ಮುಖ್ಯ ಶಕ್ತಿ ಅಂಟಲ್ಲ. ನೀರು ಆರುತ್ತಾ ಹೋದಂತೆ ನಾರುಗಳು ಒಂದಕ್ಕೊಂದು ತೀರ ಹತ್ತಿರ ಬಂದು, ಅವುಗಳ ಸೆಲ್ಯುಲೋಸ್ ಅಣುಗಳ ನಡುವೆ ಹೈಡ್ರೋಜನ್ ಬಂಧಗಳು ಏರ್ಪಡುತ್ತವೆ. ಕಾಗದವನ್ನು ಮತ್ತೆ ನೆನೆಸಿದರೆ ನೀರು ಆ ಬಂಧಗಳ ನಡುವೆ ನುಗ್ಗಿ ಅವುಗಳನ್ನು ಬಿಡಿಸುವುದರಿಂದಲೇ ಹಳೆಯ ಪತ್ರಿಕೆ ಬಕೆಟ್ಟಿನಲ್ಲಿ ಮುದ್ದೆಯಾಗುತ್ತದೆ. ನಿಮ್ಮ ಹಾಳೆಯಲ್ಲಿ ನಾರು ನಾರು ಕೂಡುವ ಕಡೆಯೆಲ್ಲ ರಬ್ಬರಿನ ಸಣ್ಣ ಸಣ್ಣ ಬೆಸುಗೆಗಳಿವೆ. ನೀರು ಅವುಗಳನ್ನು ಬಿಡಿಸಲಾರದು. ರಬ್ಬರಾಗಿ ನೈಟ್ರೈಲ್ ಎಂಬ ಕೃತಕ ರಬ್ಬರನ್ನು ಬಳಸಿದ್ದರೆ ಎಣ್ಣೆ, ಪೆಟ್ರೋಲುಗಳಿಗೂ ಅದು ಬಹುಮಟ್ಟಿಗೆ ಜಗ್ಗುವುದಿಲ್ಲ. ಹೆಣೆಯದೆ, ನೇಯದೆ, ನಾರುಗಳನ್ನು ಹರಡಿ ಬಂಧಿಸಿ ಮಾಡಿದ್ದಾದ್ದರಿಂದ ಇದನ್ನು ನೇಯದ ಹಾಳೆ ಎಂದು ಕರೆಯುವುದು ಸರಿಯಾದ ಮಾತು.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಇಂಥ ಹಾಳೆಗಳಿಗೆ ಬಹು ಕಾಲ ಕಲ್ನಾರು (ಆಸ್ಬೆಸ್ಟಾಸ್) ಬಳಕೆಯಲ್ಲಿತ್ತು. ಕಲ್ನಾರಿಗೆ ಬಿಸಿ ತಾಳುವ ಗುಣವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹಾಳೆ ಮಾಡುವವರಿಗೆ ಅದು ಇಷ್ಟವಾಗಲು ಇನ್ನೊಂದು ಕಾರಣವಿತ್ತು. ಬಿಳಿ ಕಲ್ನಾರಿನ ಎಳೆ ನೀರಿನಲ್ಲಿ ಧನ ವಿದ್ಯುದಂಶವನ್ನೂ ರಬ್ಬರ್ ಹಾಲಿನ ಕಣ ಋಣ ವಿದ್ಯುದಂಶವನ್ನೂ ಹೊತ್ತಿರುವುದರಿಂದ, ಹಾಲು ತಾನಾಗಿಯೇ ಎಳೆಗೆ ಹೋಗಿ ಅಂಟುತ್ತಿತ್ತು. ಈ ಅನುಕೂಲಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. ಕಲ್ನಾರಿನ ಎಲ್ಲ ಬಗೆಗಳೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಅದರ ಬಳಕೆಗೆ ನಿಷೇಧವಿದೆ. ಈಗ ಆ ಜಾಗಕ್ಕೆ ಸೆಲ್ಯುಲೋಸ್ ನಾರು, ಗಾಜಿನ ನಾರು, ಖನಿಜ ಉಣ್ಣೆ, ಮತ್ತು ಡುಪಾಂಟ್ ಸಂಸ್ಥೆಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ಕೆವ್ಲಾರ್ ಜಾತಿಯ ಅರಾಮಿಡ್ ಎಂಬ ಕೃತಕ ನಾರು ಬಂದಿವೆ. ನಿಮ್ಮಲ್ಲಿ ಹಳೆಯ ದಾಸ್ತಾನು ಇದ್ದು ಅದರ ಮೇಲೆ ಕಲ್ನಾರು ಇಲ್ಲವೆಂಬ ಸೂಚನೆ ಇಲ್ಲದಿದ್ದರೆ, ಅದನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯುವುದಾಗಲಿ, ಉಜ್ಜುಕಾಗದ ಹಾಕಿ ತಿಕ್ಕುವುದಾಗಲಿ ಬೇಡ. ಹಳೆಯ ಎಂಜಿನ್ನಿಗೆ ಅಂಟಿಕೊಂಡ ಪ್ಯಾಕಿಂಗ್ ಕೀಳುವಾಗ ಅದನ್ನು ಚೆನ್ನಾಗಿ ಒದ್ದೆ ಮಾಡಿಕೊಳ್ಳುವಂತೆ ನಿಮ್ಮಲ್ಲಿಗೆ ಬರುವ ಮೆಕ್ಯಾನಿಕ್ ಹುಡುಗರಿಗೆ ದಯವಿಟ್ಟು ಹೇಳಿ.

ಪ್ರಶ್ನೆ: ನರಸಿಂಹರಾಜಪುರದ ಹತ್ತಿರ ನಮಗೆ ಸ್ವಲ್ಪ ರಬ್ಬರ್ ತೋಟವಿದೆ, ಅಡಿಕೆಯ ನಡುವೆ ಬಾಳೆಯೂ ಇದೆ. ಗೊನೆ ಕಡಿದ ಮೇಲೆ ಬಾಳೆದಿಂಡು ಕೊಳೆತು ಹೋಗುತ್ತದೆ. ಬಾಳೆನಾರಿಗೆ ನಮ್ಮದೇ ರಬ್ಬರ್ ಹಾಲು ಸೇರಿಸಿ ಹಾಳೆ ಮಾಡಲು ಸಾಧ್ಯವೇ? ಒಮ್ಮೆ ಪ್ರಯತ್ನಿಸಿದಾಗ ಹಾಲೆಲ್ಲ ನೀರಿನ ಜೊತೆ ಸೋರಿಹೋಯಿತು. ಇನ್ನೊಮ್ಮೆ ಆಸಿಡ್ ಹಾಕಿದಾಗ ತೊಟ್ಟಿಯಲ್ಲೇ ಗಡ್ಡೆ ಕಟ್ಟಿತು.

ಉತ್ತರ: ಸಾಧ್ಯ. ನಿಮ್ಮ ಎರಡು ಸೋಲುಗಳಲ್ಲಿ ಈ ವಿದ್ಯೆಯ ಸಾರವೆಲ್ಲ ಅಡಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರಬ್ಬರ್ ಹಾಲು (ಲ್ಯಾಟೆಕ್ಸ್) ಎಂದರೆ ಕರಗಿದ ರಬ್ಬರಲ್ಲ; ನೀರಿನಲ್ಲಿ ತೇಲುವ ರಬ್ಬರಿನ ಅತಿ ಸಣ್ಣ ಕಣಗಳ ಸಮೂಹ. ಒಂದೊಂದು ಕಣದ ಮೈಮೇಲೆ ಪ್ರೋಟೀನು ಮತ್ತು ಸಾಬೂನಿನ ಜಾತಿಯ ಕೊಬ್ಬಿನಂಶದ ತೆಳುವಾದ ಹೊದಿಕೆಯಿದ್ದು, ಅದು ಋಣ ವಿದ್ಯುದಂಶವನ್ನು ಹೊತ್ತಿರುತ್ತದೆ. ಎಲ್ಲ ಕಣಗಳೂ ಒಂದೇ ಬಗೆಯ ವಿದ್ಯುದಂಶ ಹೊತ್ತಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಹಾಲು ಹಾಲಾಗಿಯೇ ಉಳಿಯುವುದು ಹೀಗೆ. ಬಾಳೆನಾರಿನ ಸೆಲ್ಯುಲೋಸ್ ಕೂಡ ನೀರಿನಲ್ಲಿ ಋಣ ವಿದ್ಯುದಂಶವನ್ನೇ ಪಡೆಯುತ್ತದೆ. ಕಲ್ನಾರು ಹಾಲನ್ನು ತನ್ನತ್ತ ಸೆಳೆಯುತ್ತಿತ್ತೆಂದು ಮೇಲೆ ಹೇಳಿದೆನಲ್ಲ, ಬಾಳೆನಾರು ಅದನ್ನು ದೂರ ತಳ್ಳುತ್ತದೆ. ನೀವು ಮೊದಲ ಸಲ ಏನನ್ನೂ ಸೇರಿಸದೆ ಜಾಲರಿಗೆ ಸುರಿದಾಗ ಹಾಲು ಸೋರಿಹೋದದ್ದು ಈ ಕಾರಣದಿಂದ. ಎರಡನೆಯ ಸಲ ನೀವು ಸೇರಿಸಿದ ಫಾರ್ಮಿಕ್ ಆಸಿಡ್, ತೋಟದವರು ತಟ್ಟೆಯಲ್ಲಿ ರಬ್ಬರ್ ಶೀಟ್ ಹೆಪ್ಪುಗಟ್ಟಿಸುವಾಗ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಿತು. ಕಣಗಳ ವಿದ್ಯುದಂಶ ಒಮ್ಮೆಗೇ ಅಳಿದು, ಅವು ನಾರನ್ನು ಹುಡುಕಿಕೊಂಡು ಹೋಗುವ ಮೊದಲೇ ಪರಸ್ಪರ ಕೂಡಿಕೊಂಡವು.

ನಮಗೆ ಬೇಕಾದದ್ದು ಇವೆರಡರ ನಡುವಿನ ಸ್ಥಿತಿ. ಹಾಲು ಒಡೆಯಬೇಕು, ಆದರೆ ನಾರಿನ ಮೈಮೇಲೆ ಒಡೆಯಬೇಕು. ಅದಕ್ಕೆ ಕಾಗದ ಕಾರ್ಖಾನೆಯವರು ಆಲಂ ಎನ್ನುವ ಅಲ್ಯೂಮಿನಿಯಂ ಸಲ್ಫೇಟ್ ಬಳಸುತ್ತಾರೆ. ಅದರ ಅಲ್ಯೂಮಿನಿಯಂ ಅಂಶ ಪ್ರಬಲ ಧನ ವಿದ್ಯುದಂಶವುಳ್ಳದ್ದಾದ್ದರಿಂದ ನಾರಿಗೂ ರಬ್ಬರಿನ ಕಣಕ್ಕೂ ನಡುವೆ ಸೇತುವೆಯಾಗಿ ನಿಲ್ಲುತ್ತದೆ. ಈಗಿನ ಕಾರ್ಖಾನೆಗಳಲ್ಲಿ ಆಲಂ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ಧನ ವಿದ್ಯುದಂಶವುಳ್ಳ ಪಾಲಿಮರ್‌ಗಳನ್ನೂ ಬಳಸುತ್ತಾರೆ. ನಿಮ್ಮ ಮಟ್ಟದ ಪ್ರಯತ್ನಕ್ಕೆ ಆಲಂ ಸಾಕು.

ಈಗ ಕ್ರಮವನ್ನು ಹೇಳುತ್ತೇನೆ. ದಿಂಡಿನ ಪಟ್ಟೆಗಳಿಂದ ತೆಗೆದು ಒಣಗಿಸಿದ ನಾರನ್ನು 6 ಮಿಲಿಮೀಟರಿನಷ್ಟು ಉದ್ದಕ್ಕೆ ಕತ್ತರಿಸಿ, ಸೋಡಾ ಬೆರೆಸಿದ ನೀರಿನಲ್ಲಿ ಎಳೆಗಳು ಬೆರಳಿಗೆ ಮೃದುವಾಗಿ ಬಿಡಿಸಿಕೊಳ್ಳುವವರೆಗೆ ಬೇಯಿಸಿ, ಜಾರುವಿಕೆ ಹೋಗುವಂತೆ ತೊಳೆದು, ನಂತರ ಕುಟ್ಟಬೇಕು. ಕುಟ್ಟುವುದು ನಾರನ್ನು ಪುಡಿ ಮಾಡುವುದಕ್ಕಲ್ಲ, ಅದರ ಮೈಯ ಮೇಲೆ ನವಿರಾದ ಎಳೆಗಳನ್ನು ಎಬ್ಬಿಸುವುದಕ್ಕೆ. ರಬ್ಬರಿನ ಕಣ ನೆಲೆ ನಿಲ್ಲುವುದು ಆ ನವಿರು ಎಳೆಗಳಲ್ಲಿ. ಒಣ ತೂಕದಲ್ಲಿ 100 ಗ್ರಾಂ ನಾರನ್ನು 20 ಲೀಟರ್ ನೀರಿನಲ್ಲಿ ಹರಡಿರಿ. ಇದಕ್ಕೆ 20 ಗ್ರಾಂ ರಬ್ಬರ್ ಕೂಡಿಸಬೇಕೆಂದು ಇಟ್ಟುಕೊಳ್ಳೋಣ. ಮಾರುಕಟ್ಟೆಯಲ್ಲಿ ಸಿಗುವ, ಶೇಕಡ 60ರಷ್ಟು ರಬ್ಬರ್ ಇರುವ ಸಾಂದ್ರ ಲ್ಯಾಟೆಕ್ಸ್ ಆದರೆ 33 ಗ್ರಾಂ ಸಾಕು. ನಿಮ್ಮ ತೋಟದ ಹಾಲಿನಲ್ಲಿ ಮೂರನೆಯ ಒಂದು ಪಾಲು ರಬ್ಬರ್ ಇದೆಯೆಂದಾದರೆ 60 ಗ್ರಾಂ ಬೇಕು. ತೋಟದ ಹಾಲನ್ನು ಇಳಿಸಿದ ಕೂಡಲೇ ಸೋಸಿ, ಅಮೋನಿಯಾ ಬೆರೆಸಿ ಇಡದಿದ್ದರೆ ಅದು ಕೆಲವು ಗಂಟೆಗಳಲ್ಲಿ ತಾನೇ ಹೆಪ್ಪಾಗುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯವೇ. ಹಾಲನ್ನು ಅದರ ಹಲವು ಪಟ್ಟು ನೀರು ಬೆರೆಸಿ ತೆಳುಮಾಡಿಕೊಂಡು, ನಾರಿನ ತೊಟ್ಟಿಗೆ ಸುರಿದು, ಎಲ್ಲ ಕಡೆಯೂ ಒಂದೇ ಸಮನಾಗಿ ಬಿಳಿಚುವಂತೆ ತಿರುವಿರಿ.

ಮುಂದಿನ ಹೆಜ್ಜೆಗೆ ತಾಳ್ಮೆ ಬೇಕು. ಆಲಂ ಅನ್ನು ನೂರಕ್ಕೆ ಐದರಂತೆ ನೀರಿನಲ್ಲಿ ಕರಗಿಸಿಕೊಂಡು, ತೊಟ್ಟಿಯನ್ನು ನಿಧಾನವಾಗಿ ತಿರುವುತ್ತಲೇ ಸಣ್ಣ ಧಾರೆಯಾಗಿ ಬಿಡಬೇಕು. ಮೊದಲು ಸುರಿದದ್ದು ಹಾಲಿನ ಅಮೋನಿಯಾವನ್ನು ತಟಸ್ಥಗೊಳಿಸುವುದರಲ್ಲಿ ಖರ್ಚಾಗುವುದರಿಂದ ಏನೂ ಆಗದಂತೆ ಕಾಣುತ್ತದೆ. ಆಗ ಅವಸರಪಟ್ಟು ಒಮ್ಮೆಗೇ ಸುರಿಯುವವರೇ ಹೆಚ್ಚು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ಇದೇ ತಪ್ಪು ಮಾಡಿದ್ದೆ. ಇನ್ನೂ ಬಿಳಿಯಾಗಿದೆಯಲ್ಲ ಎಂದು ಉಳಿದ ಆಲಂ ಎಲ್ಲವನ್ನೂ ಸುರಿದೆ. ನೋಡನೋಡುತ್ತಿದ್ದಂತೆ ತೊಟ್ಟಿಯ ಅಲಗುಗಳ ಸುತ್ತ ರಬ್ಬರ್ ಹಗ್ಗದಂತೆ ಸುತ್ತಿಕೊಂಡಿತು, ಅದನ್ನು ಬಿಡಿಸಲು ಮೂವರಿಗೆ ಎರಡು ದಿನ ಹಿಡಿಯಿತು. ಅಲ್ಲಿಂದ ಮುಂದೆ ಹಿರಿಯ ಕೆಲಸಗಾರರೊಬ್ಬರು ಕಲಿಸಿದ ಕ್ರಮವನ್ನು ನಾನು ಬಿಡಲಿಲ್ಲ: ಸ್ವಲ್ಪ ಬಿಡುವುದು, ನಿಲ್ಲಿಸುವುದು, ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದು ನಾರು ಕೆಳಗಿಳಿಯಲು ಬಿಟ್ಟು ಮೇಲಿನ ನೀರನ್ನು ಬೆಳಕಿಗೆ ಹಿಡಿದು ನೋಡುವುದು. ಹಾಲಿನಂತಿದ್ದ ನೀರು ಮಜ್ಜಿಗೆ ನೀರಿನಂತಾಗಿ, ಕೊನೆಗೆ ಮಳೆನೀರಿನಂತೆ ತಿಳಿಯಾದರೆ ರಬ್ಬರೆಲ್ಲ ನಾರನ್ನು ಸೇರಿತೆಂದು ಅರ್ಥ. ಸಾಮಾನ್ಯವಾಗಿ ನೀರಿನ ಹುಳಿಯನ್ನು ಅಳೆಯುವ ಪಿಎಚ್ 4.5ರಿಂದ 5ರ ಸುತ್ತ ಈ ಸ್ಥಿತಿ ಬರುತ್ತದೆ. ತಿಳಿಯಾದ ಕೂಡಲೇ ಆಲಂ ನಿಲ್ಲಿಸಿ.

ಹಾಳೆ ಎತ್ತುವ ಮೊದಲು ತೊಟ್ಟಿಗೆ ಇನ್ನೂ ಎರಡು ಪಟ್ಟು ನೀರು ಸೇರಿಸಬೇಕು, ಏಕೆಂದರೆ ಬಾಳೆನಾರಿನಂಥ ಉದ್ದ ನಾರು ದಟ್ಟ ನೀರಿನಲ್ಲಿ ಗಂಟು ಕಟ್ಟುತ್ತದೆ. ನೇಯದ ಹಾಳೆ ಮಾಡುವ ದೊಡ್ಡ ಯಂತ್ರಗಳೂ ಸಾಧಾರಣ ಕಾಗದದ ಯಂತ್ರಗಳಿಗಿಂತ ಹಲವು ಪಟ್ಟು ಹೆಚ್ಚು ನೀರು ಬಳಸುವುದು ಇದೇ ಕಾರಣಕ್ಕೆ. 30 ಸೆಂಟಿಮೀಟರ್ ಚೌಕದ ಸ್ಟೀಲ್ ಜಾಲರಿಯ ಚೌಕಟ್ಟಿನ ಮೇಲೆ ಈ ಅಳತೆಯಿಂದ ಮೂರು ಹಾಳೆ ಬರುತ್ತವೆ. ಒತ್ತಿ ಒಣಗಿಸಿದ ಮೇಲೆ ಅವು ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪವಿರುತ್ತವೆ. ಒತ್ತುವುದಕ್ಕೆ ಲಾರಿಯ ಜ್ಯಾಕ್ ಕೂಡ ಸಾಕು. ರಬ್ಬರಿನ ಕಣಗಳು ಚಪ್ಪಟೆಯಾಗಿ ಒಂದರೊಳಗೊಂದು ಬೆರೆಯುವುದು ಒಣಗುವಾಗಲೇ ಆದ್ದರಿಂದ, ನೆರಳಿನಲ್ಲಿ ಆರಿದ ಹಾಳೆಗೆ ಕೊನೆಯಲ್ಲಿ 100 ಡಿಗ್ರಿಯ ಆಸುಪಾಸಿನ ಬಿಸಿ ಕೊಡುವುದು ಒಳ್ಳೆಯದು. ಹಾಲಿಗೆ ಮೊದಲೇ ಗಂಧಕ, ಸತುವಿನ ಆಕ್ಸೈಡ್ ಮತ್ತು ವೇಗವರ್ಧಕ ಬೆರೆಸಿದ್ದರೆ ಈ ಬಿಸಿಯಲ್ಲಿ ರಬ್ಬರ್ ಹದಗೊಳ್ಳುತ್ತದೆ. ಬೆರೆಸದಿದ್ದರೆ ಹಾಳೆ ಏಪ್ರಿಲ್ ಬಿಸಿಲಿಗೆ ಅಂಟಂಟಾಗುತ್ತದೆ. ಇವನ್ನೆಲ್ಲ ಮೊದಲೇ ಬೆರೆಸಿ ಹದಗೊಳಿಸಿದ ಲ್ಯಾಟೆಕ್ಸ್ ಮಾರುಕಟ್ಟೆಯಲ್ಲಿ ಸಿಗುವುದರಿಂದ, ಮೊದಲ ಪ್ರಯತ್ನಗಳಿಗೆ ಅದನ್ನೇ ಕೊಂಡುಕೊಳ್ಳಿ ಎಂಬುದು ನನ್ನ ಸಲಹೆ.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತಾಮ್ರ ರಬ್ಬರಿಗೆ ಕಡು ಶತ್ರು. ಅತಿ ಸ್ವಲ್ಪ ತಾಮ್ರವಿದ್ದರೂ ರಬ್ಬರ್ ಬೇಗ ಮುಪ್ಪಾಗಿ ಒಡೆಯುತ್ತದೆ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ನಾರು ಬೇಯಿಸಬೇಡಿ, ಹಿತ್ತಾಳೆಯ ಜಾಲರಿ ಬಳಸಬೇಡಿ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೆಳಗಿನ ಬಾಳೆಯ ಮೇಲೂ ಅದು ತೊಟ್ಟಿಕ್ಕಿರುತ್ತದೆಯಾದ್ದರಿಂದ, ಹೊರಗಿನ ಪಟ್ಟೆಗಳನ್ನು ತೆಗೆದುಹಾಕಿ ಒಳಗಿನವನ್ನು ಮಾತ್ರ ಆರಿಸಿಕೊಳ್ಳಿ.

ನಿಮ್ಮ ಹಾಳೆ ಸ್ವಾಭಾವಿಕ ರಬ್ಬರಿನದಾದ್ದರಿಂದ ಎಣ್ಣೆ, ಪೆಟ್ರೋಲು ತಗಲುವ ಕಡೆ ಉಬ್ಬಿಹೋಗುತ್ತದೆ. ಅದನ್ನು ಗ್ಯಾಸ್ಕೆಟ್ (ಎಂಜಿನ್ನಿನ ಪ್ಯಾಕಿಂಗ್) ಎಂದು ಮಾರಬೇಡಿ. ಚಪ್ಪಲಿಯ ಒಳಹಾಳೆ, ಚೀಲದ ಒಳಪದರ, ಕಡತದ ಹೊದಿಕೆಗಳಿಗೆ ಅದು ಚೆನ್ನಾಗಿ ಒದಗುತ್ತದೆ.

ಪ್ರಶ್ನೆ: ಅರಸೀಕೆರೆ ಕಡೆಯ ನಮ್ಮ ಮಹಿಳಾ ಸ್ವಸಹಾಯ ಸಂಘದವರು ತೆಂಗಿನ ನಾರಿನಿಂದ ಇಂಥ ಹಾಳೆ ಮಾಡಲು ಹೊರಟೆವು. ಕೊಂಡು ತಂದ ಲ್ಯಾಟೆಕ್ಸನ್ನು ಬೋರ್‌ವೆಲ್ ನೀರಿಗೆ ಹಾಕಿದ ಕೂಡಲೇ, ಆಲಂ ಹಾಕುವ ಮೊದಲೇ, ಒಡೆದ ಹಾಲಿನಂತಾಯಿತು. ಲ್ಯಾಟೆಕ್ಸ್ ಕೆಟ್ಟದ್ದೆಂದು ಅಂಗಡಿಯವರೊಡನೆ ಜಗಳವೂ ಆಯಿತು. ತಪ್ಪು ಎಲ್ಲಿದೆ?

ಉತ್ತರ: ತಾಯಂದಿರೇ, ತಪ್ಪು ಬಹುಶಃ ನೀರಿನಲ್ಲಿದೆ. ಮಲೆನಾಡಿನ ಮಳೆನೀರು, ಹಳ್ಳದ ನೀರು ಮೃದು. ನಿಮ್ಮ ಬಯಲುಸೀಮೆಯ ಆಳದ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಬಟ್ಟೆ ಒಗೆಯುವಾಗ ಸಾಬೂನು ನೊರೆ ಬಾರದೆ ಬಿಳಿಯ ಜಿಡ್ಡಾಗುವುದನ್ನು ನೀವು ನಿತ್ಯ ಕಾಣುತ್ತೀರಿ. ಲ್ಯಾಟೆಕ್ಸಿನ ಕಣಗಳನ್ನು ಕಾಪಾಡುವ ಹೊದಿಕೆಯೂ ಸಾಬೂನಿನ ಜಾತಿಯದೇ ಆದ್ದರಿಂದ ಕ್ಯಾಲ್ಸಿಯಂ ಅದನ್ನೂ ಹಾಗೆಯೇ ಕೆಡಿಸುತ್ತದೆ; ಕಾವಲು ಹೋದ ಕಣಗಳು ಕೂಡಿಕೊಂಡು ಗರಣೆ ಕಟ್ಟುತ್ತವೆ. ಪರೀಕ್ಷೆ ಬಹಳ ಸುಲಭ. ಎರಡು ಗಾಜಿನ ಲೋಟಗಳಲ್ಲಿ ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ತುಂಬಿ, ಎರಡಕ್ಕೂ ಕೆಲವು ಹನಿ ಲ್ಯಾಟೆಕ್ಸ್ ಹಾಕಿ ಒಂದು ಗಂಟೆ ಬಿಡಿ. ಮೊದಲನೆಯದು ಹಾಲಾಗಿಯೇ ಉಳಿದು ಎರಡನೆಯದು ಒಡೆದರೆ ಅಂಗಡಿಯವರದೇನೂ ತಪ್ಪಿಲ್ಲ. ಎರಡೂ ಒಡೆದರೆ ಸರಕು ಹಳೆಯದು.

ಪರಿಹಾರವಾಗಿ, ಸಾಧ್ಯವಿದ್ದರೆ ಹೆಂಚಿನ ಮೇಲಿನ ಮಳೆನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿಕೊಳ್ಳಿ. ಇಲ್ಲವಾದರೆ ಬೋರ್‌ವೆಲ್ ನೀರಿಗೆ ವಾಷಿಂಗ್ ಸೋಡಾ ಬೆರೆಸಿ ರಾತ್ರಿಯಿಡೀ ಬಿಟ್ಟು, ತಳಕ್ಕೆ ಇಳಿದ ಬಿಳಿಯ ಮಡ್ಡಿಯನ್ನು ಬಿಟ್ಟು ಮೇಲಿನ ತಿಳಿನೀರನ್ನು ಬಳಸಿ. ಸೋಡಾ ಹೆಚ್ಚಾದರೆ ಮುಂದೆ ಆಲಂ ಹೆಚ್ಚು ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ತೆಂಗಿನ ನಾರಿನ ಬಗ್ಗೆ ನನ್ನ ಪ್ರಾಮಾಣಿಕ ಅಭಿಪ್ರಾಯವನ್ನು ಹೇಳಲೇಬೇಕು. ಅದರಲ್ಲಿ ಲಿಗ್ನಿನ್ ಎಂಬ ಮರದ ಅಂಶ ಬಹಳ ಹೆಚ್ಚು. ಅದು ಒರಟು, ಗಡಸು, ಎಷ್ಟು ಕುಟ್ಟಿದರೂ ನವಿರು ಎಳೆ ಬಿಡುವುದಿಲ್ಲ. ಅದೊಂದರಿಂದಲೇ ಮಾಡಿದ ಹಾಳೆ ಜಾಲರಿಯಿಂದ ಏಳುವಾಗಲೇ ಹರಿಯುತ್ತದೆ. ಹತ್ತಿ ಬಟ್ಟೆಯ ಚಿಂದಿಯನ್ನೋ ಬೇಯಿಸಿದ ಬಾಳೆನಾರನ್ನೋ ಅರ್ಧದಷ್ಟು ಸೇರಿಸಿ, ತೆಂಗಿನ ನಾರನ್ನು ಚಿಕ್ಕದಾಗಿ ಕತ್ತರಿಸಿ ಬೆರೆಸಿದರೆ ಚೆಂದದ, ದಪ್ಪದ ಹಾಳೆ ಬರುತ್ತದೆ. ಹಾಸಿಗೆಗಳಿಗೆ ಬಳಸುವ ರಬ್ಬರೀಕೃತ ತೆಂಗಿನ ನಾರನ್ನು ನೀವು ನೋಡಿರಬಹುದು. ಅದು ಬೇರೆಯೇ ವಿಧಾನ. ಹುರಿ ಮಾಡಿ ಸುರುಳಿಗೊಳಿಸಿದ ಒಣ ನಾರನ್ನು ಹರಡಿ, ಅದರ ಮೇಲೆ ಲ್ಯಾಟೆಕ್ಸ್ ಸಿಂಪಡಿಸಿ ಬಿಸಿಯಲ್ಲಿ ಒತ್ತುತ್ತಾರೆ. ಅಲ್ಲಿ ತೊಟ್ಟಿಯೂ ಇಲ್ಲ, ಆಲಂ ಕೂಡ ಇಲ್ಲ. ತೆಂಗಿನ ನಾರಿನ ಒರಟುತನ ಅಲ್ಲಿ ಗುಣವಾಗಿ ಒದಗುತ್ತದೆ. ನಿಮ್ಮ ಸಂಘಕ್ಕೆ ಬಂಡವಾಳ ಒದಗಿದರೆ ಆ ದಾರಿಯನ್ನೂ ವಿಚಾರಿಸಿ.

ಪ್ರಶ್ನೆ: ಸಕಲೇಶಪುರದ ಕಾಫಿ ಬೆಳೆಗಾರ ನಾನು. ಕಾಫಿಯ ಒಣ ಸಿಪ್ಪೆಯಿಂದ ಇಂಥ ಹಾಳೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಸಿಪ್ಪೆಯಲ್ಲಿ ಹಾಳೆಗೆ ಬೇಕಾದ ಉದ್ದದ ನಾರಿಲ್ಲ. ನುಣ್ಣಗೆ ಅರೆದರೆ ಜೇಡಿಯಂತೆ ತುಂಬುವಸ್ತುವಾಗಿ ಸ್ವಲ್ಪ ಸೇರಿಸಬಹುದು, ಆದರೆ ಅದರ ಕಂದು ಬಣ್ಣ ನೀರಿಗೆ ಬಿಡುತ್ತಲೇ ಇರುತ್ತದೆ. ಗೊಬ್ಬರವಾಗಿ ತೋಟಕ್ಕೆ ಹಿಂದಿರುಗುವುದೇ ಅದಕ್ಕೆ ತಕ್ಕ ಉಪಯೋಗವೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮೊದಲು ಹಾಳೆ ಮಾಡಿ, ಆಮೇಲೆ ಅದನ್ನು ಲ್ಯಾಟೆಕ್ಸಿನಲ್ಲಿ ಅದ್ದಿ ತೆಗೆದರೆ ತೊಟ್ಟಿಯ ಈ ತಾಪತ್ರಯವೇ ಇರುವುದಿಲ್ಲವಲ್ಲ, ಸರ್?

ಉತ್ತರ: ಹಾಗೆಯೂ ಮಾಡುತ್ತಾರೆ. ಬಣ್ಣ ಬಳಿಯುವಾಗ ಅಂಚಿಗೆ ಅಂಟಿಸುವ ಮಾಸ್ಕಿಂಗ್ ಟೇಪಿನ ಕಾಗದ, ನೀರಿನಲ್ಲಿ ಉಜ್ಜುವ ಉಜ್ಜುಕಾಗದದ ಬೆನ್ನಿನ ಹಾಳೆ ಮುಂತಾದವು ಅದ್ದುವ ವಿಧಾನದಲ್ಲಿ ತಯಾರಾಗುತ್ತವೆ. ತೆಳುವಾದ, ಚೆನ್ನಾಗಿ ಹೀರುವ ಹಾಳೆಗೆ ಅದು ಒಳ್ಳೆಯ ವಿಧಾನ. ತೊಂದರೆ ಕಾಣಿಸುವುದು ದಪ್ಪ ಹಾಳೆಯಲ್ಲಿ. ಒಣಗಿಸುವಾಗ ನೀರು ಒಳಗಿನಿಂದ ಎರಡೂ ಮೈಗಳ ಕಡೆಗೆ ಚಲಿಸಿ ಆವಿಯಾಗುತ್ತದೆ. ಜೊತೆಯಲ್ಲಿ ಇನ್ನೂ ನೆಲೆ ನಿಲ್ಲದ ರಬ್ಬರ್ ಕಣಗಳನ್ನೂ ಹೊತ್ತೊಯ್ಯುತ್ತದೆ. ಹೊರಮೈಗಳಲ್ಲಿ ರಬ್ಬರ್ ತುಂಬಿ ನಡುವೆ ಬರಿಯ ನಾರು ಉಳಿದ ಇಂಥ ಹಾಳೆಯನ್ನು ಬಾಗಿಸಿದರೆ ಅದು ಹಲಸಿನ ಹಪ್ಪಳದಂತೆ ಎರಡು ಪದರವಾಗಿ ಸೀಳುತ್ತದೆ. ಬಿಸಿ ತಗಲಿದ ಕೂಡಲೇ ಹೆಪ್ಪುಗಟ್ಟುವಂತೆ ಲ್ಯಾಟೆಕ್ಸನ್ನು ಸಜ್ಜುಗೊಳಿಸಿ ಈ ವಲಸೆಯನ್ನು ತಡೆಯಲು ಸಾಧ್ಯವಿದೆ. ತೊಟ್ಟಿಯಲ್ಲಿಯೇ ಹಾಲು ಹಿಡಿಸಿದ ಹಾಳೆಯಲ್ಲಾದರೋ ರಬ್ಬರ್ ಮೊದಲೇ ನಾರಿಗೆ ಅಂಟಿ ನಿಂತಿರುವುದರಿಂದ ಅದು ಎಲ್ಲಿಗೂ ಹೋಗದು. ಎಷ್ಟೇ ದಪ್ಪವಿದ್ದರೂ ನಡುವಿನಲ್ಲಿಯೂ ಅಂಚಿನಲ್ಲಿಯೂ ಒಂದೇ ಹದ. ಅದಕ್ಕೆ ಪ್ರತಿಯಾಗಿ, ನಾರಿನ ಮೈಮೇಲೆ ರಬ್ಬರ್ ಕುಳಿತಷ್ಟೂ ನಾರು ನಾರುಗಳ ನಡುವಿನ ಹೈಡ್ರೋಜನ್ ಬಂಧ ಕಡಿಮೆಯಾಗುವುದರಿಂದ ಒದ್ದೆ ಹಾಳೆ ಬಹಳ ನಾಜೂಕಾಗಿರುತ್ತದೆ. ನೀವು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಒಂದೇ ನಾರು, ಒಂದೇ ಪ್ರಮಾಣದ ಲ್ಯಾಟೆಕ್ಸ್ ಇಟ್ಟುಕೊಂಡು ಎರಡೂ ವಿಧಾನಗಳಲ್ಲಿ 2 ಮಿಲಿಮೀಟರ್ ದಪ್ಪದ ಹಾಳೆ ಮಾಡಿ, ಪದರ ಸೀಳುವ ಬಲವನ್ನು ಅಳೆದು ನೋಡಿ.

ಪ್ರಶ್ನೆ: ಮೂಡಿಗೆರೆಯ ನಮ್ಮ ಊರಿನ ಹಳ್ಳದ ಮೇಲ್ಭಾಗದಲ್ಲಿ ಇಂಥ ಸಣ್ಣ ಘಟಕವೊಂದನ್ನು ಆರಂಭಿಸುವ ಮಾತು ನಡೆದಿದೆ. ನೀರಿಗೆ ಅಪಾಯವಿದೆಯೇ?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಹೇಮಾವತಿ ಹುಟ್ಟುವುದೇ ನಿಮ್ಮ ತಾಲ್ಲೂಕಿನಲ್ಲಿ. ಅಲ್ಲಿನ ಹಳ್ಳಗಳಿಗೆ ಬಿಟ್ಟದ್ದು ಸಕಲೇಶಪುರವನ್ನು ದಾಟಿ ಗೊರೂರಿನ ಜಲಾಶಯವನ್ನು ಸೇರುತ್ತದೆ. ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ ಸೇರಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಈ ಕೆಲಸದಲ್ಲಿ ಎರಡು ಬಗೆಯ ನೀರು ಹೊರಬರುತ್ತದೆ, ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಜಾಲರಿಯ ಕೆಳಗೆ ಇಳಿಯುವ ನೀರು ಒಂದು. ಹಾಲು ಪೂರ್ತಿಯಾಗಿ ನಾರಿಗೆ ಹಿಡಿದಿದ್ದರೆ ಆ ನೀರು ತಿಳಿಯಾಗಿರುತ್ತದೆ, ಅದನ್ನೇ ಮುಂದಿನ ತೊಟ್ಟಿಗೆ ಮತ್ತೆ ಮತ್ತೆ ಬಳಸಬಹುದು. ತಿಳಿಯಾಗಿಲ್ಲದಿದ್ದರೆ ಘಟಕದವರು ತಮ್ಮ ರಬ್ಬರನ್ನೂ ಹಣವನ್ನೂ ಹಳ್ಳಕ್ಕೆ ಸುರಿಯುತ್ತಿದ್ದಾರೆ ಎಂದೇ ಅರ್ಥ. ಹಲವು ಸಲ ಬಳಸಿದ ಮೇಲೆ ಅದರಲ್ಲಿ ಲವಣ ಹೆಚ್ಚಿ, ಹೊಸ ಹಾಲು ಅಕಾಲದಲ್ಲಿ ಒಡೆಯತೊಡಗುತ್ತದೆ. ಆಗ ಅದನ್ನು ಸುಣ್ಣದಿಂದ ತಟಸ್ಥಗೊಳಿಸಿ, ಮಡ್ಡಿ ಇಳಿಸಿ, ಶುದ್ಧೀಕರಣಕ್ಕೆ ಕಳಿಸಬೇಕು. ನಾನು ಹೆಚ್ಚು ಹೆದರುವುದು ಎರಡನೆಯ ನೀರಿಗೆ, ಅಂದರೆ ನಾರನ್ನು ಸೋಡಾ ಹಾಕಿ ಬೇಯಿಸಿದ ಕಪ್ಪು ನೀರಿಗೆ. ಪ್ರಬಲ ಕ್ಷಾರವೂ ಕರಗಿದ ಸಾವಯವ ಅಂಶವೂ ತುಂಬಿದ ಆ ನೀರು ಹಳ್ಳದ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಜನ ಬಿಳಿಯ ಹಾಲನ್ನು ನೋಡಿ ಗಾಬರಿಯಾಗುತ್ತಾರೆ, ಕಪ್ಪು ನೀರನ್ನು ಚಹಾದ ಬಣ್ಣವೆಂದು ಬಿಟ್ಟುಬಿಡುತ್ತಾರೆ. ಇದು ತಲೆಕೆಳಗಾದ ಲೆಕ್ಕ. ನಾರನ್ನು ಅಲ್ಲಿಯೇ ಬೇಯಿಸುತ್ತಾರೋ, ಬೇಯಿಸಿದ ಪಲ್ಪನ್ನು ಬೇರೆಡೆಯಿಂದ ತರುತ್ತಾರೋ ಎಂಬುದನ್ನು ಮೊದಲು ಕೇಳಿ. ಅಲ್ಲಿಯೇ ಬೇಯಿಸುವುದಾದರೆ ಆ ನೀರಿನ ವ್ಯವಸ್ಥೆಯ ನಕ್ಷೆಯನ್ನು ಪಂಚಾಯಿತಿಯ ಮುಂದೆ ಇಡುವಂತೆ ಒತ್ತಾಯಿಸಿ. ಘಟಕಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಲಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಬೇಲೂರು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಮಕ್ಕಳಿಗೆ ತರಗತಿಯಲ್ಲಿ ತೋರಿಸಬಹುದೇ?

ಉತ್ತರ: ಖಂಡಿತ ತೋರಿಸಿ, ಮೇಡಂ, ವಿದ್ಯುದಂಶದ ಪಾಠಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ನನಗೆ ತಿಳಿಯದು. ಒಂದೊಂದು ಲೀಟರ್ ಮಳೆನೀರು ತುಂಬಿದ ಮೂರು ಗಾಜಿನ ಪಾತ್ರೆಗಳನ್ನು ಇಟ್ಟು, ಮೂರಕ್ಕೂ 2 ಮಿಲಿಲೀಟರ್ ಸಾಂದ್ರ ಲ್ಯಾಟೆಕ್ಸ್ ಬೆರೆಸಿ. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಆಲಂ ದ್ರಾವಣ ಹಾಕಿ. ಅದು ಗಡ್ಡೆ ಕಟ್ಟುತ್ತದೆ. ಮೂರನೆಯದರಲ್ಲಿ 5 ಗ್ರಾಂ ಬಿಳಿಯ ಟಿಶ್ಯೂ ಕಾಗದವನ್ನು ಮೊದಲೇ ನೆನೆಸಿ ಕದಡಿಟ್ಟುಕೊಂಡು, ಆಲಂ ಅನ್ನು ಹನಿಹನಿಯಾಗಿ ಬಿಡುತ್ತಾ ಮರದ ಕಡ್ಡಿಯಿಂದ ಮೆಲ್ಲಗೆ ತಿರುವಿ. ನೀರು ತಿಳಿಯಾಗುತ್ತಾ ಬಂದಾಗ ಅದನ್ನು ಸ್ಟೀಲ್ ಚಹಾ ಜರಡಿಯಲ್ಲಿ ಸೋಸಿ, ಹಳೆಯ ಬಟ್ಟೆಯ ನಡುವೆ ಒತ್ತಿ, ಎರಡು ದಿನ ಒಣಗಿಸಿ. ಬರಿಯ ಟಿಶ್ಯೂವಿನಿಂದ ಹಾಗೆಯೇ ಮಾಡಿದ ಇನ್ನೊಂದು ಬಿಲ್ಲೆಯ ಜೊತೆಗೆ ಅದನ್ನು ನೀರಿನಲ್ಲಿ ಅದ್ದಿ ಮಕ್ಕಳ ಕೈಗೆ ಕೊಟ್ಟು ಎಳೆಯಲು ಹೇಳಿ. ಪುಸ್ತಕದ ಹಾಳೆಯನ್ನು ಟಿಶ್ಯೂವಿನ ಬದಲು ಬಳಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಸುಣ್ಣದ ಅಂಶ ಆಲಂ ಜೊತೆ ವರ್ತಿಸಿ ಪ್ರಯೋಗವನ್ನು ಕೆಡಿಸುತ್ತದೆ. ಲ್ಯಾಟೆಕ್ಸಿನ ಡಬ್ಬಿಯನ್ನು ಕಿಟಕಿಯ ಬಳಿ ನೀವೇ ತೆರೆಯಿರಿ, ಅಮೋನಿಯಾ ಕಣ್ಣಿಗೂ ಮೂಗಿಗೂ ಹೊಡೆಯುತ್ತದೆ. ಬಲೂನು ಮುಟ್ಟಿದರೆ ತುರಿಕೆ ಬರುವ ಮಕ್ಕಳು ತರಗತಿಯಲ್ಲಿದ್ದರೆ ಅವರಿಗೆ ಲ್ಯಾಟೆಕ್ಸಿನ ಅಲರ್ಜಿ ಇರಬಹುದಾದ್ದರಿಂದ, ಅವರನ್ನು ಮೊದಲೇ ಕೇಳಿ ತಿಳಿದುಕೊಂಡು, ಹಾಳೆಯನ್ನು ಮುಟ್ಟದೆ ದೂರದಿಂದ ನೋಡುವಂತೆ ಕೂರಿಸಿ.